ಬುಕಾನನ್, ಹ್ಯಾಮಿಲ್ಟನ್ ಮತ್ತು ಕಾವೇರಿಯ ಬಿಳಿ ಮೀನು: ಮರಿ ಬಿಟ್ಟರೆ ನದಿ ಉಳಿಯುತ್ತದೆಯೇ?

ಹಳೆ ಮೈಸೂರು ಸೀಮೆಯ ಊರುಗಳ ಇತಿಹಾಸ ಬರೆಯುವವರು ಒಂದಲ್ಲ ಒಂದು ಕಡೆ ಬುಕಾನನ್ ಹೆಸರು ತೆಗೆಯುತ್ತಾರೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷವೇ ಇಲ್ಲಿಗೆ ಬಂದು ಹಳ್ಳಿ, ಸಂತೆ, ಕೆರೆ, ಬೆಳೆಗಳನ್ನೆಲ್ಲ ನೋಡಿ ಬರೆದುಕೊಂಡು ಹೋದ ಸ್ಕಾಟ್ಲೆಂಡಿನ ವೈದ್ಯ ಆತ. ಮೀನುಗಾರಿಕೆ ಓದಿದವರಿಗೆ ಗೊತ್ತಿರುವುದು ಬೇರೊಂದು ಹೆಸರು, ಹ್ಯಾಮಿಲ್ಟನ್. ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ‘ಹ್ಯಾಮಿಲ್ಟನ್, 1822’ ಎಂದು ಬರೆದಿರುವುದನ್ನು ಅವರು ನೂರಾರು ಸಲ ನೋಡಿರುತ್ತಾರೆ. ಇವರಿಬ್ಬರೂ ಒಬ್ಬನೇ ಮನುಷ್ಯ ಎಂಬುದು ಎರಡೂ ಕಡೆಯ ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಈ ಮನುಷ್ಯನ ಕಥೆಯನ್ನು ನಾವು ಈಗ ಹೇಳಲು ಒಂದು ಕಾರಣವಿದೆ. ನದಿಯಲ್ಲೋ ಕೆರೆಯಲ್ಲೋ ಮೀನು ಕಡಿಮೆಯಾಯಿತು ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪರಿಹಾರ ಒಂದೇ: ಮರಿ ತಂದು ಬಿಡಿ. ಮೀನು ಅಂದರೆ ಮೀನು, ಯಾವುದಾದರೇನು ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ಎಷ್ಟು ದುಬಾರಿ ಎಂಬುದನ್ನು ಕಾವೇರಿಯ ಒಂದು ಮೀನು ತೋರಿಸಿಕೊಟ್ಟಿದೆ. ಅದಕ್ಕೆ ಆಮೇಲೆ ಬರೋಣ.

ಟಿಪ್ಪುವಿನ ಪುಸ್ತಕ ಭಂಡಾರದಲ್ಲಿ ಸಿಕ್ಕ ನೋಟ್‌ಬುಕ್

ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ಅಪ್ಪ ವೈದ್ಯ. ಮಗನೂ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಎಂ.ಡಿ. ಪಡೆದ. ಆಗ ವೈದ್ಯರಾಗುವವರು ಗಿಡಮೂಲಿಕೆಗಳನ್ನು ಗುರುತಿಸಲು ಕಲಿಯಲೇಬೇಕಿತ್ತು. ಬಹಳಷ್ಟು ಔಷಧ ಗಿಡದಿಂದಲೇ ಬರುತ್ತಿದ್ದ ಕಾಲವದು. ಹಾಗಾಗಿ ಜಾನ್ ಹೋಪ್ ಎಂಬ ಪ್ರಾಧ್ಯಾಪಕರ ಸಸ್ಯಶಾಸ್ತ್ರದ ಪಾಠಗಳನ್ನು ಬುಕಾನನ್ ಶ್ರದ್ಧೆಯಿಂದ ಬರೆದಿಟ್ಟುಕೊಂಡಿದ್ದ.

ಆ ನೋಟ್‌ಬುಕ್ಕಿಗೊಂದು ಸ್ವಾರಸ್ಯಕರ ಕಥೆಯಿದೆ. ಏಷ್ಯಾಕ್ಕೆ ಬರುವ ಹಡಗುಗಳಲ್ಲಿ ವೈದ್ಯನಾಗಿ ದುಡಿಯುತ್ತಿದ್ದಾಗ, 1785ರ ಒಂದು ಪ್ರಯಾಣದಲ್ಲಿ ಆತ ಅದನ್ನು ಜೊತೆಗಿದ್ದ ಅಲೆಕ್ಸಾಂಡರ್ ಬಾಸ್ವೆಲ್ ಎಂಬಾತನಿಗೆ ಓದಲು ಕೊಟ್ಟ. ಬಾಸ್ವೆಲ್ ಅದನ್ನು ಸತ್ಯಮಂಗಲದಲ್ಲಿ ಕಳೆದುಕೊಂಡ. ಅದು ಹೇಗೋ ಟಿಪ್ಪುವಿನ ಕೈ ಸೇರಿತು. ಟಿಪ್ಪು ಅದಕ್ಕೆ ಹೊಸ ರಟ್ಟು ಹಾಕಿಸಿ ತನ್ನ ಪುಸ್ತಕ ಭಂಡಾರದಲ್ಲಿ ಇರಿಸಿಕೊಂಡ. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಪುಸ್ತಕಗಳ ನಡುವೆ ಇದನ್ನು ಕಂಡ ಸೇನಾಧಿಕಾರಿಯೊಬ್ಬ 1800ರಲ್ಲಿ ಮೂಲ ಒಡೆಯನಿಗೇ ಮರಳಿಸಿದ. ತೋಟಗಾರಿಕೆಯಲ್ಲಿ ಟಿಪ್ಪುವಿಗಿದ್ದ ಆಸಕ್ತಿ ಲಾಲ್‌ಬಾಗ್ ನೋಡಿದವರಿಗೆ ಗೊತ್ತೇ ಇದೆ, ಆದರೂ ಈ ಕಥೆ ಕೇಳಿದಾಗ ನಮಗೆ ಅಚ್ಚರಿಯಾಗದೆ ಇರಲಿಲ್ಲ.

1794ರಲ್ಲಿ ಬುಕಾನನ್ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷ ರಾಯಭಾರಿ ತಂಡದ ಜೊತೆ ಬರ್ಮಾಕ್ಕೆ ಹೋಗಿಬಂದ. ಆಮೇಲೆ ಗಂಗೆ ಸಮುದ್ರ ಸೇರುವ ಸೀಮೆಯ ಲಕ್ಷ್ಮೀಪುರದಲ್ಲಿ ಕೆಲಸ. ಸುತ್ತ ಎಲ್ಲಿ ನೋಡಿದರೂ ನೀರು, ನೀರಿನ ತುಂಬ ಮೀನು. ಅಲ್ಲಿಂದಲೇ ಆತನಿಗೆ ಮೀನಿನ ಹುಚ್ಚು ಹಿಡಿಯಿತು.

ತುಮಕೂರು ಸೀಮೆಯಲ್ಲಿ

1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಈತನಿಗೊಂದು ದೊಡ್ಡ ಕೆಲಸ ವಹಿಸಿದ. ಹೊಸದಾಗಿ ಕೈಗೆ ಬಂದ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಅಲ್ಲಿನ ಬೇಸಾಯ, ದನಕರು, ಗಣಿ, ಕೈಕಸುಬು, ವ್ಯಾಪಾರ, ಜನಜೀವನ ಎಲ್ಲದರ ವರದಿ ಕೊಡಬೇಕು. ಕಂಪನಿಗೆ ಬೇಕಾಗಿದ್ದು ಕಂದಾಯದ ಲೆಕ್ಕ. ಯಾವ ನೆಲ ಎಷ್ಟು ಬೆಳೆಯುತ್ತದೆ, ಯಾವ ಸಂತೆಯಲ್ಲಿ ಎಷ್ಟು ವಹಿವಾಟು, ಇದರಲ್ಲಿ ತನಗೇನು ಸಿಕ್ಕೀತು ಎಂಬ ಲೆಕ್ಕ. ಬುಕಾನನ್‌ನನ್ನು ನಿಸ್ವಾರ್ಥ ಜ್ಞಾನದಾಹಿ ಎಂದು ಹೊಗಳುವವರು ಇದನ್ನು ಮರೆಯಬಾರದು. ಆದರೆ ಲೆಕ್ಕ ಕೇಳಿದವರಿಗೆ ಆತ ಕೊಟ್ಟಿದ್ದು ಲೆಕ್ಕಕ್ಕಿಂತ ಬಹಳ ಹೆಚ್ಚು.

ಆ ವರ್ಷದ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟ ಆತ ಶ್ರೀರಂಗಪಟ್ಟಣ, ಬೆಂಗಳೂರು, ಕೋಲಾರಗಳನ್ನು ದಾಟಿ ಶಿರಾ, ಮಧುಗಿರಿ, ಗುಬ್ಬಿಯ ಕಡೆ ಬಂದ. ರಾಗಿ ಹೇಗೆ ಬಿತ್ತುತ್ತಾರೆ, ಯಾವ ಮಣ್ಣಿಗೆ ಏನೆನ್ನುತ್ತಾರೆ, ಕಪಿಲೆಯಲ್ಲಿ ನೀರೆತ್ತುವುದು ಹೇಗೆ, ಅಡಿಕೆ ತೋಟಕ್ಕೆ ನೀರು ಎಲ್ಲಿಂದ, ಕೆರೆ ಕೋಡಿ ಬೀಳುವುದು ಯಾವಾಗ ಎಂದು ಕೇಳುತ್ತಾ ಹೋದ. ಉತ್ತರ ಕೊಟ್ಟವರು ಶಾನುಭೋಗರು, ಗೌಡರು, ಒಕ್ಕಲು ಮಕ್ಕಳು, ವರ್ತಕರು. ಬೆಳೆ, ಅಳತೆ, ಕುಲಕಸುಬುಗಳ ಸ್ಥಳೀಯ ಹೆಸರುಗಳನ್ನು ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ. ಕೆಲವು ಹೆಸರುಗಳನ್ನು ಈಗ ಓದಿದರೆ ನಗು ಬರುತ್ತದೆ, ಆದರೆ ಗಟ್ಟಿಯಾಗಿ ಉಚ್ಚರಿಸಿದರೆ ಮೂಲ ಕನ್ನಡ ಪದ ಹೊರಗೆ ಬರುತ್ತದೆ. ಈ ಪ್ರವಾಸದ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

ಆತ ಸುತ್ತಿದ ಈ ಸೀಮೆಯ ನಡುವೆ ನಿಂತಿರುವುದೇ ದೇವರಾಯನದುರ್ಗ. ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟ ತುಮಕೂರಿನವರಿಗೆ ನರಸಿಂಹಸ್ವಾಮಿಯ ಕ್ಷೇತ್ರ. ತಪ್ಪಲಿನ ನಾಮದ ಚಿಲುಮೆಯಲ್ಲಿ ಬಂಡೆಯಿಂದ ನೀರು ಜಿನುಗುವುದನ್ನು ನೋಡದೆ ಯಾರೂ ಹಿಂದಿರುಗುವುದಿಲ್ಲ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾದಾಗ ಶ್ರೀರಾಮ ಬಾಣ ಬಿಟ್ಟು ತರಿಸಿದ ನೀರು ಇದು ಎಂಬುದು ಸ್ಥಳಪುರಾಣ. ವಿಜ್ಞಾನದ ಕಡೆಯಿಂದ ನೋಡಿದರೆ, ಕಾಡಿನ ನೆಲ ಮಳೆಗಾಲದಲ್ಲಿ ಹೀರಿಕೊಂಡ ನೀರು ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಇಳಿದು, ದಾರಿ ಸಿಕ್ಕ ಕಡೆ ಹೊರಬರುತ್ತದೆ. ಪುರಾಣ ನಂಬುವವರಿಗೂ ನಂಬದವರಿಗೂ ಮೇಲಿನ ಕಾಡು ಹೋದರೆ ಕೆಳಗಿನ ಚಿಲುಮೆ ಬತ್ತುತ್ತದೆ.

ಈ ಬೆಟ್ಟಸಾಲು ಎರಡು ನದಿಗಳ ತವರು. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ, ಮದ್ದೂರುಗಳನ್ನು ದಾಟಿ ದಕ್ಷಿಣಕ್ಕೆ ಹೋಗಿ ಕಾವೇರಿಗೆ ಸೇರುತ್ತದೆ. ಬೆಟ್ಟದ ಒಂದು ಮಗ್ಗುಲಲ್ಲಿ ಬಿದ್ದ ಮಳೆ ಆಂಧ್ರಕ್ಕೆ, ಇನ್ನೊಂದು ಮಗ್ಗುಲಲ್ಲಿ ಬಿದ್ದದ್ದು ಮುತ್ತತ್ತಿ, ಭೀಮೇಶ್ವರಿಯ ಕಡೆಗೆ. ಶಿಂಷಾ ನೀರು ಸೇರುವ ಆ ಕಾವೇರಿಯಲ್ಲೇ ನಮ್ಮ ಬಿಳಿ ಮೀನಿನ ಕಥೆ ನಡೆದದ್ದು.

ರೋಹಿತಾ, ಕಾಟ್ಲಾ, ಟಾರ್, ರೆರಿಯೊ

ಮೈಸೂರಿನ ಕೆಲಸ ಮುಗಿಸಿದ ಬುಕಾನನ್ ನೇಪಾಳಕ್ಕೆ ಹೋದ, ವೆಲ್ಲೆಸ್ಲಿಯ ಖಾಸಗಿ ವೈದ್ಯನಾದ, ಬ್ಯಾರಕ್‌ಪುರದ ಪ್ರಾಣಿಸಂಗ್ರಹವನ್ನು ನೋಡಿಕೊಂಡ. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಜಿಲ್ಲೆ ಜಿಲ್ಲೆಗಳನ್ನು ಸುತ್ತುವ ಇನ್ನೊಂದು ಸಮೀಕ್ಷೆ. ದಿನಾಜಪುರ, ರಂಗಪುರ, ಪೂರ್ಣಿಯಾ, ಭಾಗಲ್ಪುರ, ಗೋರಖಪುರ... ಹೋದಲ್ಲೆಲ್ಲ ಮೀನು ಹಿಡಿಯುವವರ ಹತ್ತಿರ ಕೂತ. ಮೀನಿನ ಉದ್ದ, ಬಣ್ಣ, ಈಜುರೆಕ್ಕೆಯ ಕಡ್ಡಿಗಳ ಎಣಿಕೆ, ಹುರುಪೆಯ ಸಾಲು ಎಲ್ಲ ಬರೆದ. ಸ್ಥಳೀಯ ಕಲಾವಿದರಿಂದ ಚಿತ್ರ ಬರೆಯಿಸಿದ.

ಮೈಸೂರಿನಲ್ಲಿ ಪದ ಕೇಳುತ್ತಾ ಹೋದ ಅಭ್ಯಾಸ ಇಲ್ಲಿ ಕೈ ಹಿಡಿಯಿತು. ಹೊಸ ಜೀವಿಗೆ ಹೆಸರಿಡುವಾಗ ಯುರೋಪಿನವರು ಸಾಮಾನ್ಯವಾಗಿ ಲ್ಯಾಟಿನ್ ಅಥವಾ ಗ್ರೀಕ್ ಪದ ಹುಡುಕುತ್ತಿದ್ದರು, ಇಲ್ಲವೇ ತಮ್ಮ ದೊರೆಗಳ ಹೆಸರನ್ನು ಅಂಟಿಸುತ್ತಿದ್ದರು. ಈತ ಬಹಳಷ್ಟು ಕಡೆ ಮೀನುಗಾರರು ಕರೆಯುತ್ತಿದ್ದ ಹೆಸರನ್ನೇ ಇಟ್ಟ. ರುಯಿ ಎಂದರೆ ರೋಹಿತಾ, ಕಾತಲ್ ಎಂದರೆ ಕಾಟ್ಲಾ, ಮೃಗೇಲ್ ಎಂದರೆ ಮೃಗಾಲಾ. ಟಾರ್, ಪುಟಿಟೋರಾ, ಮೋಸಲ್ ಎಂಬವು ಮಹಸೀರ್ ಗುಂಪಿನ ದೊಡ್ಡ ಮೀನುಗಳು. ಕೋಸಿ ನದಿಯ ಒಂದು ಪುಟ್ಟ ಪಟ್ಟೆ ಮೀನಿಗೆ ರೆರಿಯೊ ಎಂದ. ಅದೇ ಇವತ್ತಿನ ಜೀಬ್ರಾಫಿಶ್, ಪ್ರಪಂಚದ ಸಾವಿರಾರು ಪ್ರಯೋಗಾಲಯಗಳ ಗಾಜಿನ ತೊಟ್ಟಿಗಳಲ್ಲಿರುವ ಮೀನು. 2013ರಲ್ಲಿ ಅದರ ಜೀನೋಮ್ ಪ್ರಕಟವಾದಾಗ ಮನುಷ್ಯನ ಸುಮಾರು 70% ಜೀನ್‌ಗಳಿಗೆ ಅದರಲ್ಲಿ ಸಾಟಿ ಜೀನ್ ಇರುವುದು ಗೊತ್ತಾಯಿತು.

1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದರೂ ಆರೋಗ್ಯ ಕೈಕೊಟ್ಟಿತು. ಮರುವರ್ಷ ಊರಿಗೆ ಹೊರಟಾಗ, ವರ್ಷಗಟ್ಟಲೆ ಬರೆಯಿಸಿದ್ದ ಚಿತ್ರಗಳನ್ನು ಜೊತೆಗೆ ಒಯ್ಯಲು ಸರ್ಕಾರ ಬಿಡಲಿಲ್ಲ. ಅವು ಕಂಪನಿಯ ಆಸ್ತಿ ಎಂಬುದು ವಾದ. ಆತನಿಗಾದ ನೋವು ಎಷ್ಟೆಂದು ಊಹಿಸಬಹುದು. ಸ್ಕಾಟ್ಲೆಂಡಿನಲ್ಲಿ ತಾಯಿಯ ಕಡೆಯ ಆಸ್ತಿ ಬಂದಾಗ ಆ ಮನೆತನದ ಹೆಸರನ್ನೂ ತೆಗೆದುಕೊಂಡು ಹ್ಯಾಮಿಲ್ಟನ್ ಆದ. 1822ರಲ್ಲಿ ಗಂಗೆ ಮತ್ತು ಅದರ ಉಪನದಿಗಳ ಮೀನುಗಳ ಬಗ್ಗೆ ಆತನ ಪುಸ್ತಕ ಬಂತು. ಅದರಲ್ಲಿ ವಿಜ್ಞಾನಕ್ಕೆ ಹೊಸದಾಗಿದ್ದ ಮೀನುಗಳೇ ನೂರಕ್ಕೂ ಹೆಚ್ಚು. 1829ರ ಜೂನ್ 15ರಂದು ತೀರಿಕೊಂಡ.

ಈ ಪುಸ್ತಕಕ್ಕೆ ಒಂದು ದೊಡ್ಡ ಕೊರತೆಯಿದೆ. ಹೊಸ ಜೀವಿಯನ್ನು ಹೆಸರಿಸಿದವರು ಅದರ ಒಂದು ಮಾದರಿಯನ್ನು ಮದ್ಯಸಾರದಲ್ಲಿ ಹಾಕಿ ಸಂಗ್ರಹಾಲಯದಲ್ಲಿ ಇಡುವುದು ರೂಢಿ. ಮುಂದೆ ಗೊಂದಲ ಬಂದರೆ ಅದನ್ನು ತೆಗೆದು ನೋಡಬಹುದು. ಹ್ಯಾಮಿಲ್ಟನ್ ಮೀನುಗಳಿಗೆ ಅಂಥ ಮಾದರಿಗಳಿಲ್ಲ. ವಿವರಣೆ ಇದೆ, ಕೆಲವಕ್ಕೆ ಚಿತ್ರ ಇದೆ, ಅಷ್ಟೇ. ಮಹಸೀರ್‌ಗಳ ವಿಷಯದಲ್ಲಿ ಇದು ಆಮೇಲೆ ಬಹಳ ಕಾಡಿತು. ವಯಸ್ಸು, ಊಟ, ನೀರು ಬದಲಾದಂತೆ ಈ ಮೀನುಗಳ ಬಣ್ಣ, ತುಟಿಯ ಆಕಾರ ಬದಲಾಗುತ್ತದೆ. ಯಾವುದು ಯಾವುದೆಂದು ಪರಿಣತರೇ ಜಗಳವಾಡುತ್ತಾ ಬಂದರು.

ನಮ್ಮಲ್ಲಿ ಟ್ರೌಟ್ ಇತ್ತೇ?

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿ ಮುಂದೆ ಹೋಗೋಣ. ಕಾಶ್ಮೀರ, ಹಿಮಾಚಲ, ನೀಲಗಿರಿಯ ಹೊಳೆಗಳಲ್ಲಿರುವ ಟ್ರೌಟ್ ನಮ್ಮದೇ ಮೀನು ಎಂದುಕೊಂಡವರಿದ್ದಾರೆ. ಭಾರತದ ನದಿಗಳಲ್ಲಿ ನಿಜವಾದ ಟ್ರೌಟ್ ಮೂಲತಃ ಇರಲಿಲ್ಲ. ಗಾಳ ಹಾಕುವ ಚಟವಿದ್ದ ಬ್ರಿಟಿಷರು ಅದನ್ನು ತಂದು ಬಿಟ್ಟರು. ಹಿಮಾಲಯದ ‘ಸ್ನೋ ಟ್ರೌಟ್’ ಹೆಸರಿಗಷ್ಟೇ ಟ್ರೌಟ್, ಜಾತಿಯಲ್ಲಿ ಗೆಂಡೆ ಮೀನಿನ ಬಳಗ. ಹ್ಯಾಮಿಲ್ಟನ್ ‘ಬೋಲಾ’ ಎಂದು ಹೆಸರಿಟ್ಟ ಚುಕ್ಕೆಗಳ ಚುರುಕು ಮೀನನ್ನೂ ಗಾಳದ ಸಾಹೇಬರು ಇಂಡಿಯನ್ ಟ್ರೌಟ್ ಎಂದು ಕರೆದರು. ಊರು ನೆನಪಾಗಿರಬೇಕು.

ಯುರೋಪ್, ಅಮೆರಿಕದ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಇರುವ ಜಾಗದಲ್ಲಿ ನಮ್ಮ ಹೊಳೆಗಳಲ್ಲಿರುವುದು ಮಹಸೀರ್. ಅದಕ್ಕೂ ಬೇಕಾದ್ದು ಹರಿಯುವ, ಆಮ್ಲಜನಕ ತುಂಬಿದ ನೀರು. ಬೇಸಿಗೆಯಲ್ಲಿ ಉಳಿಯಲು ಆಳವಾದ ಮಡು, ಮಳೆಗಾಲದಲ್ಲಿ ಮೇಲಕ್ಕೆ ಈಜಿ ಹೋಗಲು ಅಡ್ಡಿಯಿಲ್ಲದ ದಾರಿ, ಮೊಟ್ಟೆ ಇಡಲು ಮರಳು, ಜಲ್ಲಿಕಲ್ಲಿನ ತಳ. ದಡದ ಮರಗಳಿಂದ ಬೀಳುವ ಹಣ್ಣನ್ನೂ ತಿನ್ನುತ್ತದೆ. ಟ್ರೌಟ್ ಹೊಳೆಗಳನ್ನು ಸರಿಪಡಿಸುವವರು ಅಲ್ಲಿ ಮಾಡುವುದು ಇದನ್ನೇ: ದಡದ ಮರ ಬೆಳೆಸುವುದು, ಜಲ್ಲಿಯ ತಳವನ್ನು ಮರಳಿ ಹಾಕುವುದು, ಕೆಲಸಕ್ಕೆ ಬಾರದ ಅಡ್ಡಗಟ್ಟೆ ತೆಗೆಯುವುದು.

ಹೆಸರಿಲ್ಲದ ದೈತ್ಯ

ಕಾವೇರಿಯಲ್ಲಿ ಒಂದು ಮಹಸೀರ್ ಇತ್ತು. ಬೆನ್ನಿನ ಮೇಲೆ ಡುಬ್ಬ, ಕಿತ್ತಳೆ ಛಾಯೆಯ ಈಜುರೆಕ್ಕೆ. ಕಾವೇರಿ ದಂಡೆಯವರು ಮಹಸೀರನ್ನು ಬಿಳಿ ಮೀನು ಎನ್ನುತ್ತಾರೆ, ಅದರಲ್ಲಿ ಇದೇ ದೈತ್ಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತು. ಇಷ್ಟೊಂದು ಪ್ರಸಿದ್ಧ ಮೀನಿಗೆ ಒಂದು ಖಚಿತ ವೈಜ್ಞಾನಿಕ ಹೆಸರು ಇರಲಿಲ್ಲ ಎಂದರೆ ನಂಬುತ್ತೀರಾ? ಒಬ್ಬರು ಮುಸ್ಸುಲ್ಲಾ ಎಂದರು, ಇನ್ನೊಬ್ಬರು ಖುದ್ರೀ ಎಂದರು. ದಂಡೆಯ ಜನರಿಗೆ, ಗಾಳ ಹಾಕುವವರಿಗೆ ಎರಡು ಬಗೆಯ ಮಹಸೀರ್‌ಗಳ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು, ಕಾಗದದಲ್ಲಿ ಮಾತ್ರ ಇರಲಿಲ್ಲ.

1970ರ ದಶಕದಲ್ಲಿ ಮಹಸೀರ್ ಕಡಿಮೆಯಾಗುತ್ತಿರುವುದನ್ನು ಕಂಡು ಒಳ್ಳೆಯ ಮನಸ್ಸಿನವರೇ ಕೆಲಸಕ್ಕಿಳಿದರು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಕಂಪನಿಯ ಮರಿ ಉತ್ಪಾದನಾ ಕೇಂದ್ರ ನೀಲಿ ರೆಕ್ಕೆಯ ಮಹಸೀರ್, ಅಂದರೆ ಟಾರ್ ಖುದ್ರೀ ಮೀನನ್ನು ಕೃತಕವಾಗಿ ಮರಿ ಮಾಡಿಸುವುದರಲ್ಲಿ ಗೆದ್ದಿತ್ತು. ಅದು ದೊಡ್ಡ ಸಾಧನೆಯೇ. ಆ ಮರಿಗಳು ಕಾವೇರಿಗೂ ಬಂದವು. ಆದರೆ ಟಾರ್ ಖುದ್ರೀಯನ್ನು 1839ರಲ್ಲಿ ಸೈಕ್ಸ್ ಹೆಸರಿಸಿದ್ದು ಪುಣೆಯ ಹತ್ತಿರದ ನೀರಿನಿಂದ, ಕೃಷ್ಣಾ ಕಣಿವೆಯಿಂದ. ಎರಡೂ ಮಹಸೀರ್ ತಾನೇ ಎಂದುಕೊಂಡದ್ದೇ ಎಡವಟ್ಟಾಯಿತು.

ಕಾವೇರಿಯ ಗಾಲಿಬೋರೆಯ ಗಾಳದ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವ ಪದ್ಧತಿ ಇತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸುತ್ತಲಿನ ಹಳ್ಳಿಯವರೇ ಇಂಥ ಶಿಬಿರಗಳಲ್ಲಿ ಮಾರ್ಗದರ್ಶಿಗಳೂ ಕಾವಲುಗಾರರೂ ಆಗಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳಲ್ಲಿದ್ದ 6,000ಕ್ಕೂ ಹೆಚ್ಚು ಮೀನುಗಳ ವಿವರವನ್ನು ಸಂಶೋಧಕರು ಜಾಲಾಡಿದಾಗ ಒಟ್ಟು ಮಹಸೀರ್ ಸಂಖ್ಯೆ ಏರಿತ್ತು. ಸಂತೋಷಪಡಬೇಕಾದ ಸುದ್ದಿ. ಆದರೆ ಏರಿದ್ದೆಲ್ಲ ನೀಲಿ ರೆಕ್ಕೆಯವು. ಡುಬ್ಬದ ಮೀನು ಹೆಚ್ಚುಕಡಿಮೆ ಕಾಣೆಯಾಗಿತ್ತು, ಮರಿಗಳಂತೂ ಇಲ್ಲವೇ ಇಲ್ಲ ಎನ್ನುವಷ್ಟು. ಅಣೆಕಟ್ಟು, ಮರಳು ದಂಧೆ, ಡೈನಮೈಟ್ ಎಲ್ಲವೂ ಸೇರಿ ಹೊಡೆದಿದ್ದ ಮೀನಿಗೆ ಹೊರಗಿನ ನೆಂಟ ಕೊನೆಯ ಪೆಟ್ಟು ಕೊಟ್ಟಂತಿತ್ತು.

ಡುಬ್ಬದ ಮಹಸೀರ್‌ಗೆ ಸರಿಯಾದ ಹೆಸರು ನಿಗದಿಯಾದದ್ದು 2018ರಲ್ಲಿ. ಕಾವೇರಿಯ ಉಪನದಿಯಾದ ಕೇರಳದ ಪಾಂಬಾರ್‌ನಲ್ಲಿ ಸಿಕ್ಕಿದ್ದ ಟಾರ್ ರೆಮಾದೇವಿಯೈ ಎಂಬ ಮೀನೂ ಇದೂ ಒಂದೇ ಎಂದು ಡಿಎನ್ಎ ಮತ್ತು ದೇಹರಚನೆಯಿಂದ ತಿಳಿಯಿತು. ಹೋಲಿಕೆಗೆ ಮಾದರಿ ಸಿಕ್ಕಿದ್ದು ಬಂಡೀಪುರ, ಮುದುಮಲೆ ಅಂಚಿನ ಮೋಯಾರ್ ನದಿಯಲ್ಲಿ ಉಳಿದಿದ್ದ ಮೀನುಗಳಿಂದ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ತೀವ್ರ ಅಳಿವಿನಂಚಿನ ಜೀವಿ ಎಂದು ಸೇರಿತು. ನೀಲಿ ರೆಕ್ಕೆಯದು ಅಪಾಯದ ಪಟ್ಟಿಯಿಂದಲೇ ಹೊರಬಂತು. ಹೆಸರೇ ಇಲ್ಲದಿದ್ದರೆ ಒಂದು ಜೀವಿ ಅಳಿಯುತ್ತಿದೆ ಎಂದು ಪಟ್ಟಿಯಲ್ಲಿ ಬರೆಯಲೂ ಆಗುವುದಿಲ್ಲ.

ಹಾಗಾದರೆ ಏನು ಕೆಲಸ ಮಾಡುತ್ತದೆ?

ಮೀನು ಉಳಿದಿರುವ ಜಾಗಗಳನ್ನು ನೋಡಿದರೆ ಗೊತ್ತಾಗುತ್ತದೆ. ಶೃಂಗೇರಿಯ ತುಂಗೆ, ರಾಮನಾಥಪುರದ ಕಾವೇರಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ, ಇಲ್ಲೆಲ್ಲ ದೇವರ ಮೀನೆಂದು ಜನ ಹಿಡಿಯುವುದಿಲ್ಲ. 1996ರಲ್ಲಿ ಶಿಶಿಲದಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರಿನವರು ಅವುಗಳ ನೆನಪಿಗೆ ಸ್ಮಾರಕ ಕಟ್ಟಿದರು, ಕಾವಲಿಗೆ ತಾವೇ ನಿಂತರು. ಮೀನು ಮತ್ತೆ ಹೆಚ್ಚಿತು. ಅಲ್ಲಿ ಮಡು ಇತ್ತು, ಹರಿವು ಇತ್ತು, ಮೇಲೆ ಪಶ್ಚಿಮ ಘಟ್ಟದ ಕಾಡಿತ್ತು. ಕಾವೇರಿ ವನ್ಯಧಾಮದಲ್ಲಿ ಗಾಳ ಹಾಕುವುದನ್ನೇ ನಿಲ್ಲಿಸಿದ ಮೇಲೆ ನದಿಯ ಮೇಲಿನ ಕಾವಲು ಕಣ್ಣುಗಳು ಕಡಿಮೆಯಾದವು ಎಂಬುದು ಕೆಲವು ಸಂರಕ್ಷಕರ ಅಳಲು. ವನ್ಯಧಾಮದಲ್ಲಿ ಮನರಂಜನೆಗೆ ಜಾಗವಿಲ್ಲ ಎಂಬ ಕಾನೂನಿನ ಮಾತೂ ಸುಳ್ಳಲ್ಲ. ನಮಗೆ ಅನ್ನಿಸುವುದು, ಗಾಳ ಬೇಡವೆಂದಾದರೆ ಆ ಮಾರ್ಗದರ್ಶಿಗಳಿಗೆ ಕಾವಲಿನ ಸಂಬಳವನ್ನಾದರೂ ಮುಂದುವರಿಸಬೇಕಿತ್ತು.

ಶಿಂಷಾದ ಮೇಲ್ಭಾಗದಲ್ಲಿ ನೀರು ವರ್ಷವಿಡೀ ಹರಿಯುವುದಿಲ್ಲ. ಅಲ್ಲಿ ಮಹಸೀರ್ ಮರಿ ಬಿಡುವ ಮಾತು ಬೇಡ. ದೇವರಾಯನದುರ್ಗದ ಕಾಡಿಗೆ ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ನೋಡಿಕೊಂಡರೆ, ಹಳ್ಳದ ಮರಳನ್ನು ಬಾಚದೆ ಬಿಟ್ಟರೆ, ಕೆಳಗೆ ಕಾವೇರಿಗೆ ಹೋಗುವ ನೀರಿನ ಪಾಲು ಸ್ವಲ್ಪ ಹೆಚ್ಚು ದಿನ ಹರಿಯುತ್ತದೆ.

ಕೆರೆಗಳ ಕಥೆ ಬೇರೆ. ಇವತ್ತು ಗುಬ್ಬಿ, ಕುಣಿಗಲ್‌ನ ಮೀನಂಗಡಿಗಳಲ್ಲಿ ತಕ್ಕಡಿಗೆ ಏರುವ ರೋಹು, ಕಾಟ್ಲಾ, ಮೃಗಾಲ್‌ಗಳು ಹ್ಯಾಮಿಲ್ಟನ್ ಹೆಸರಿಟ್ಟ ಗಂಗೆಯ ಮೀನುಗಳೇ, ಆತ ಇಲ್ಲಿ ಓಡಾಡುವಾಗ ಈ ಕೆರೆಗಳಲ್ಲಿ ಇರಲಿಲ್ಲ. ಸಾಕಣೆಯ ಕೆರೆಯಲ್ಲಿ ಅವು ಬೆಳೆಯಲಿ, ಅನ್ನದ ಪ್ರಶ್ನೆ ಅದು. ನಿಷೇಧವಿದ್ದರೂ ಕದ್ದು ಬಿಡುವ ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಬೇಡವೇ ಬೇಡ, ಅದು ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಹಳ್ಳಕ್ಕೋ ಹೊಳೆಗೋ ಯಾವುದೇ ಮರಿ ಬಿಡುವ ಮುನ್ನ ಬುಕಾನನ್ ಮಾಡಿದ ಕೆಲಸವನ್ನು ಒಂದು ವಾರ ಮಾಡಬಹುದು: ಬಲೆ ಬೀಸುವ ಹಿರಿಯರ ಹತ್ತಿರ ಕೂತು, ಕೊರವ, ಚೇಳುಮೀನು, ಹಾವುಮೀನು ಎಂದು ಅವರು ಹೇಳುವ ಒಂದೊಂದು ಹೆಸರನ್ನೂ ಬರೆದುಕೊಂಡು, ಅವರು ಚಿಕ್ಕವರಿದ್ದಾಗ ಸಿಗುತ್ತಿದ್ದು ಈಗ ಸಿಗದೆ ಇರುವುದು ಯಾವುದು ಎಂದು ಕೇಳುವುದು. ಈಗಂತೂ ಫೋನಿನಲ್ಲಿ ಫೋಟೋ ತೆಗೆದು ದಿನಾಂಕ, ಜಾಗ ಸೇರಿಸಿ ಇಟ್ಟುಕೊಳ್ಳಬಹುದು. ಆತನಿಗೆ ಆ ಅನುಕೂಲ ಇರಲಿಲ್ಲ.